ಕ್ಯಾಲಿಪರ್ ಪಿನ್ನಿಗೆ ಮನೆಯಲ್ಲಿದ್ದ ಗ್ರೀಸ್ ಹಚ್ಚಬೇಡಿ

ಕಳೆದ ಮಳೆಗಾಲ ಮುಗಿದ ಮೇಲೆ ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಂಗಳದಲ್ಲಿ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆ. ಆಗ ಮಾಡಿದ ಒಂದು ತಪ್ಪಿನಿಂದ, ಹದಿನೈದು ದಿನಗಳ ನಂತರ ಶಿರಸಿಯಿಂದ ಮರಳುವಾಗ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಹಿಡಿತವಿಲ್ಲದೆ ತಳಕ್ಕಿಳಿಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಕುಳಿತಿದ್ದರು. ಇಂಥ ಗಳಿಗೆ ಬೇರೆ ಯಾರಿಗೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಎಡಗಡೆಯ ಚಕ್ರ ಬಿಚ್ಚಿದಾಗಲೇ ಸೂಚನೆ ಕಣ್ಣೆದುರಿಗಿತ್ತು. ಒಳಗಿನ ಪ್ಯಾಡ್ ಲೋಹ ಕಾಣುವಷ್ಟು ಸವೆದಿತ್ತು, ಹೊರಗಿನದು ಇನ್ನೂ ಅರ್ಧದಷ್ಟು ಉಳಿದಿತ್ತು. ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿಯುವ ಭಾಗವೇ ಕ್ಯಾಲಿಪರ್. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದರ ಪಿಸ್ಟನ್, ಅಂದರೆ ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಮುಂದೆ ಬರುವ ತುಂಡು, ಒಂದೇ ಬದಿಗೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದು ತರುತ್ತದೆ. ಎರಡು ಪ್ಯಾಡುಗಳ ಸವೆತದಲ್ಲಿ ಇಷ್ಟು ಅಂತರವಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಪಿನ್ನುಗಳನ್ನು. ಕಡಲ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯ ನಡುವೆ ನಿಲ್ಲುವ ನಮ್ಮ ವಾಹನಗಳಲ್ಲಿ, ಪಿನ್ನಿನ ರಬ್ಬರ್ ಮುಸುಕು ಒಂದು ಕಡೆ ಹರಿದರೂ ಸಾಕು, ಒಳಗೆ ತುಕ್ಕು ಹಿಡಿಯುತ್ತದೆ. ನನ್ನ ಕೆಳಗಿನ ಪಿನ್ ಹಾಗೆಯೇ ಕಚ್ಚಿಕೊಂಡಿತ್ತು. ಪಾನಾ ಹಾಕಿ ಅತ್ತಿತ್ತ ತಿರುಗಿಸುತ್ತ ಅದನ್ನು ಹೊರತೆಗೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ತುಕ್ಕನ್ನು ಉಜ್ಜಿ ತೆಗೆದೆ. ಅಲ್ಲಿಯವರೆಗೆ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಪಿನ್ನಿಗೆ ಮನೆಯಲ್ಲಿದ್ದ ಗ್ರೀಸನ್ನು, ಅಂದರೆ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನು, ಧಾರಾಳವಾಗಿ ಹಚ್ಚಿದೆ. ಪಿನ್ ಬೆಣ್ಣೆಯಂತೆ ಜಾರಿತು, ನನಗೆ ಸಮಾಧಾನವಾಯಿತು. ಆದರೆ ಬ್ರೇಕಿನ ಈ ಭಾಗದ ರಬ್ಬರಿಗೆ ಪೆಟ್ರೋಲಿಯಂ ಮೂಲದ ಎಣ್ಣೆ, ಗ್ರೀಸುಗಳು ಆಗಿಬರುವುದಿಲ್ಲ. ಅವು ತಾಗಿದರೆ ರಬ್ಬರ್ ಮೆಲ್ಲಮೆಲ್ಲನೆ ಉಬ್ಬಿ ಮೆತ್ತಗಾಗುತ್ತದೆ. ಕೆಲವು ಕ್ಯಾಲಿಪರುಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಶ್ (ಪುಟ್ಟ ಕೊಳವೆಯಂಥ ಹೊದಿಕೆ) ಇರುತ್ತದೆ, ನನ್ನದರಲ್ಲೂ ಇತ್ತು. ಅದು ಉಬ್ಬಿ, ತೂತಿನೊಳಗೆ ಬಿರಡೆಯಂತೆ ಬಿಗಿದುಕೊಂಡು, ಪ್ಯಾಡು ಡಿಸ್ಕನ್ನು ಬಿಡದಂತೆ ಮಾಡಿತು.

ಘಟ್ಟ ಇಳಿಯುವ ಮೊದಲೇ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು, ಸುಟ್ಟ ವಾಸನೆಯೂ ಬಂದಿತ್ತು. ಮುಂದೆ ಹೋಗುತ್ತಿದ್ದ ಲಾರಿಯದಿರಬೇಕೆಂದು ನಾನು ನಿಲ್ಲಿಸಲಿಲ್ಲ. ಬಿಡದೆ ಉಜ್ಜುತ್ತಿದ್ದ ಡಿಸ್ಕಿನ ಕಾವು ಬ್ರೇಕ್ ಆಯಿಲ್‌ಗೆ ಏರಿತು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಡೆಯಬೇಕು. ಗಾಳಿಯ ತೇವ ಹೀರಿ ಹಳತಾದ ಮೇಲೆ ಆ ಮಿತಿ 140ರ ಆಸುಪಾಸಿಗೆ ಇಳಿಯಬಹುದು. ಆಯಿಲ್ ಕುದಿದು ಹಬೆಯ ಗುಳ್ಳೆಗಳಾದರೆ ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಅದುಮುವುದಕ್ಕೇ ಖರ್ಚಾಗುತ್ತದೆ. ಎರಡನೇ ಗೇರಿಗೆ, ಆಮೇಲೆ ಮೊದಲನೆಯದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯುತ್ತ ತಿರುವಿನ ಅಂಚಿನ ಅಗಲ ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಚಕ್ರದ ನಡುವಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅಂಗೈಯನ್ನು ಗೇಣು ದೂರ ಹಿಡಿದರೂ ಒಲೆಯ ಮುಂದೆ ಹಿಡಿದಂತಿತ್ತು. ಬೈಕಿನಲ್ಲಿ ಬಂದ ಒಬ್ಬರು ಪಾಪ, ನೀರಿನ ಬಾಟಲಿ ತಂದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು ಎಂದು ಬೇಡವೆಂದೆ. ಚಕ್ರಕ್ಕೆ ಕಲ್ಲು ಕೊಟ್ಟು, ಟೋಯಿಂಗ್ ವಾಹನ ಬರುವವರೆಗೆ ಕಾದೆವು.

ಕುಮಟೆಯ ಮೆಕ್ಯಾನಿಕ್ ಪಿನ್ ತೆಗೆದು, ಉಬ್ಬಿದ ಬುಶ್ಶನ್ನು ಉಗುರಿನಿಂದ ಒತ್ತಿ ತೋರಿಸಿ, "ಇದಕ್ಕೆ ಯಾವ ಗ್ರೀಸ್ ಹಾಕಿದ್ರಿ?" ಎಂದು ಮಾತ್ರ ಕೇಳಿದರು. ಉತ್ತರ ಹೇಳುವಾಗ ಅಮ್ಮನ ಮುಖ ನೋಡಲಾಗಲಿಲ್ಲ.

ಪಿನ್, ಪಿಸ್ಟನ್, ಹೋಸ್ (ಬ್ರೇಕ್ ಆಯಿಲ್ ಸಾಗುವ ರಬ್ಬರ್ ಕೊಳವೆ) ಈ ಮೂರರಲ್ಲಿ ಯಾವುದು ಹಿಡಿದಿದೆ ಎಂದು ತಿಳಿಯದೆ ಹೊಸ ಪ್ಯಾಡ್ ಹಾಕಬೇಡಿ. ಕ್ಯಾಲಿಪರನ್ನು ಕೈಯಿಂದ ಜಾರಿಸಿದಾಗ ಅದು ಸಲೀಸಾಗಿ ಓಡಾಡಬೇಕು. ಸಿ-ಕ್ಲ್ಯಾಂಪಿನಿಂದ (ತಿರುಪು ಬಿಗಿದು ಒತ್ತುವ ಸಲಕರಣೆ) ಒತ್ತಿದರೂ ಪಿಸ್ಟನ್ ಒಳಗೆ ಹೋಗದಿದ್ದರೆ ಆಯಿಲ್‌ನೊಳಗಿನ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲನ್ನು ತುಸು ಸಡಿಲಿಸಿ; ಆಗ ಸುಲಭವಾಗಿ ಹೋದರೆ ಹೋಸ್ ಒಳಗೊಳಗೇ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು, ಆಗಲೂ ಹೋಗದಿದ್ದರೆ ಪಿಸ್ಟನ್ನಿಗೇ ತುಕ್ಕು ಹಿಡಿದಿರಬೇಕು. ನಿಪ್ಪಲ್ ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಕಾರು ಹೊರಡಿಸಬಾರದು. ಹಿಂದಿನ ಚಕ್ರದ ಡಿಸ್ಕಿನಲ್ಲಿ ಹ್ಯಾಂಡ್‌ಬ್ರೇಕ್ ಸೇರಿಕೊಂಡ ಕ್ಯಾಲಿಪರ್ ಇದ್ದರೆ ಕ್ಲ್ಯಾಂಪ್ ಹಾಕಲೇಬೇಡಿ, ಅಂಥ ಹಲವು ಪಿಸ್ಟನ್ನುಗಳನ್ನು ತಿರುಗಿಸುತ್ತಲೇ ಒಳಗೆ ಕಳಿಸಬೇಕು. ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಿಡಿ. ಬುಶ್ ಇರುವ ಪಿನ್ ಮೇಲಿನದೋ ಕೆಳಗಿನದೋ ಎಂದು ಬಿಚ್ಚುವಾಗಲೇ ಗುರುತು ಮಾಡಿಕೊಳ್ಳಿ, ಅದಲುಬದಲಾಗಬಾರದು. ಪಿನ್ನಿಗೆ ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಗ್ರೀಸ್ ಬೇಕು, ಅದೂ ತೆಳುವಾಗಿ. ಅಂಗಡಿಯಲ್ಲಿ ಅದು ಸಿಗುವವರೆಗೆ ಚಕ್ರ ಬಿಚ್ಚುವುದನ್ನೇ ಮುಂದಕ್ಕೆ ಹಾಕಿ.