ತೋಟದ ಕಾವಲಿಗೆ ಬೋಲ್ಟ್ ರೈಫಲ್ಲೋ, ಜೋಡಿ ನಳಿಗೆಯ ಕೋವಿಯೋ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆಗಳ ಬೇಟೆ ನಮ್ಮಲ್ಲಿ ಅಪರಾಧವಾದ್ದರಿಂದ, ಉಡುಪಿ ಜಿಲ್ಲೆಯ ಹೆಬ್ರಿ, ಕಾರ್ಕಳದ ಕಡೆಯ ಕೃಷಿಕರು ಬೆಳೆರಕ್ಷಣೆಯ ಪರವಾನಗಿಯಲ್ಲಿ ಕೋವಿ ಕೊಳ್ಳುವಾಗ, ಅದು ಪ್ರಾಣಿಗಳನ್ನು ಬೆದರಿಸಿ ಓಡಿಸಲೆಂದೇ ಎಂಬುದನ್ನು ನೆನಪಿಟ್ಟುಕೊಂಡು ಆರಿಸಬೇಕು.

.315 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಾತ್ರದ ಅಳತೆ) ಬೋಲ್ಟ್ ರೈಫಲ್ಲಿನ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಮ್ಯಾಗಜೀನಿನಿಂದ ಹೊಸದು ಏರುತ್ತದೆ. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸುವುದರಿಂದ ಗುರಿ ನಿಖರವಾಗಿರುತ್ತದೆ. ಆದರೆ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಅಡಿಕೆ ತೋಟ ಮುಗಿದಲ್ಲೇ ನೆರೆಯವರ ಅಂಗಳ ತೊಡಗುವ ನಮ್ಮ ಊರುಗಳಲ್ಲಿ ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ.

12 ಬೋರಿನ ಜೋಡಿ ನಳಿಗೆಯ ತೋಟೆಕೋವಿಯಲ್ಲಿ ಎರಡೇ ತೋಟೆಗಳು. ತೋಟೆಯೊಳಗಿನ ಸಣ್ಣ ಚರೆ, ಅಂದರೆ ಕಾಳಿನಂಥ ಗುಂಡುಗಳು, 40–50 ಮೀಟರಿನಾಚೆ ಚದುರಿ ಬಲಗುಂದುತ್ತದೆ. ಹಾಗೆಂದು ಮನೆಗಳತ್ತ ಹಿಡಿಯುವಂತಿಲ್ಲ. ಹಂದಿಯ ಹಿಂಡನ್ನು ಬೆದರಿಸಲು ಸದ್ದೇ ಸಾಕಾದ್ದರಿಂದ ನಾನು ಇದನ್ನೇ ಆರಿಸುವೆ. ಆಟಿ ತಿಂಗಳ ಮಳೆಗೆ ಎರಡೂ ತುಕ್ಕು ಹಿಡಿಯುತ್ತವೆ. ಜೋಡಿ ನಳಿಗೆಯನ್ನಾದರೆ ಮಡಚಿ ತೆರೆದು ಬಾಗಿಲ ಬೆಳಕಿಗೆ ಹಿಡಿದೊಡನೆ, ಒಳಗಿನ ಕಂದು ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ.