ರೀಲು ಓಡಿಸದೆ ಡಿಟಿಎಸ್ ಡಿಸ್ಕ್ ಪರೀಕ್ಷೆ: ಡಿಡಿರೆಸ್ಕ್ಯೂ ಎಷ್ಟು ಕೆಲಸಕ್ಕೆ ಬರುತ್ತದೆ?

35 ಎಂಎಂ ಪ್ರಿಂಟಿನಲ್ಲಿ ಡಾಲ್ಬಿ ಡಿಜಿಟಲ್ ಧ್ವನಿ ಅಂಚಿನ ರಂಧ್ರಗಳ ನಡುವೆ ಅಚ್ಚಾಗಿರುತ್ತದೆ, ಸೋನಿಯ ಎಸ್‌ಡಿಡಿಎಸ್ ಧ್ವನಿ ಫಿಲ್ಮಿನ ಎರಡೂ ಅಂಚುಗಳಲ್ಲಿರುತ್ತದೆ. ಅವನ್ನು ಪರೀಕ್ಷಿಸಬೇಕೆಂದರೆ ಫಿಲ್ಮ್ ಓಡಲೇಬೇಕು. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಜೊತೆ ಬಂದ ಡಿಟಿಎಸ್ ಎಂಬ ಡಿಜಿಟಲ್ ಧ್ವನಿ ಪದ್ಧತಿ ಹಾಗಲ್ಲ. ಫಿಲ್ಮಿನ ಮೇಲಿರುವುದು ಚಿತ್ರಕ್ಕೂ ಅನಲಾಗ್ ಟ್ರ್ಯಾಕಿಗೂ ನಡುವಿನ ಸಣ್ಣ ತುಂಡುಗೆರೆಯ ಟೈಮ್‌ಕೋಡ್ ಮಾತ್ರ (ಚಿತ್ರ ಎಲ್ಲಿಗೆ ಬಂದಿದೆ ಎಂದು ಪ್ಲೇಯರಿಗೆ ಹೇಳುವ ಗುರುತು), ಧ್ವನಿಯೆಲ್ಲ ಸಿಡಿ ರಾಮ್‌ನಲ್ಲಿ. ಹಾಗಾಗಿ ಪ್ರಿಂಟನ್ನು ಪ್ರೊಜೆಕ್ಟರಿಗೆ ಹಾಕದೆ, ದೀಪ ಉರಿಸದೆ, ಡಿಸ್ಕನ್ನು ಮೇಜಿನ ಮೇಲೇ ಪರೀಕ್ಷಿಸಬಹುದು.

ನಮ್ಮ ಊರುಗಳ ಚಿತ್ರಮಂದಿರಗಳ ಮುಂದೆ ‘ಎ/ಸಿ ಡಿಟಿಎಸ್’ ಬೋರ್ಡು ತೂಗಾಡುತ್ತಿದ್ದ ಕಾಲ ಮುಗಿದಿದೆ. ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ಪ್ಲೇಯರುಗಳು ಗುಜರಿಗೂ ಡಿಸ್ಕುಗಳು ಡಬ್ಬಗಳಿಗೂ ಹೋದವು. ಈಗ ಅವು ಬೇಕಾಗಿರುವುದು ಸಂಗ್ರಾಹಕರಿಗೆ, ಫಿಲ್ಮ್ ಸೊಸೈಟಿಗಳಿಗೆ, ಹಳೆಯ ಪ್ರಿಂಟಿಟ್ಟುಕೊಂಡು ವರ್ಷಕ್ಕೊಂದು ಪ್ರದರ್ಶನ ಮಾಡುವವರಿಗೆ. ಪ್ರದರ್ಶನದ ನಡುವೆ ಡಿಸ್ಕ್ ಕೈಕೊಟ್ಟರೆ ಪ್ಲೇಯರ್ ಅನಲಾಗ್ ಟ್ರ್ಯಾಕಿಗೆ ಜಾರುತ್ತದೆ, ಸಭಾಂಗಣದ ಸದ್ದು ಒಮ್ಮೆಲೇ ಚಪ್ಪಟೆಯಾಗುತ್ತದೆ. ಇದನ್ನು ಮೊದಲೇ ಹಿಡಿಯಲು ಇರುವ ಸಾಧನಗಳಲ್ಲಿ ಗ್ನೂ ಬಳಗದ ಉಚಿತ ತಂತ್ರಾಂಶ ಡಿಡಿರೆಸ್ಕ್ಯೂಗೆ ಮೊದಲ ಸ್ಥಾನ ಕೊಡಬಹುದು. ಇದು ಹುಟ್ಟಿದ್ದು ಕೆಟ್ಟ ಹಾರ್ಡ್ ಡಿಸ್ಕಿನಿಂದ ಕಡತ ಎತ್ತಲು. ಡಿಟಿಎಸ್ ಡಿಸ್ಕಿಗೂ ಇಷ್ಟು ಚೆನ್ನಾಗಿ ಹೊಂದಲು ಕಾರಣ ಆ ಡಿಸ್ಕಿನ ಲೆಕ್ಕಾಚಾರವೇ.

ಸಿನಿಮಾ ಡಿಟಿಎಸ್ ಬಳಸುವುದು ಆಪ್ಟ್‌ಎಕ್ಸ್100 ಎಂಬ ಸಂಕೋಚನ. ಐದು ಟ್ರ್ಯಾಕು, 44.1 ಕಿಲೋಹರ್ಟ್ಸ್, 16 ಬಿಟ್, ಒಟ್ಟು ಗಾತ್ರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ: ಸೆಕೆಂಡಿಗೆ 882 ಕಿಲೋಬಿಟ್, ಅಂದರೆ 1,10,250 ಬೈಟ್. ಈ ದರ ಮಾತಿಗೂ ಸ್ಫೋಟಕ್ಕೂ ಮೌನಕ್ಕೂ ಒಂದೇ. ಹಾಗಾಗಿ ಕಡತದಲ್ಲಿ ಎಷ್ಟು ದೂರ ಬಂದಿದ್ದೇವೆ ಎಂದು ಗೊತ್ತಾದರೆ ಚಿತ್ರದಲ್ಲಿ ಎಷ್ಟನೇ ಸೆಕೆಂಡಿನಲ್ಲಿದ್ದೇವೆ ಎಂದೂ ಗೊತ್ತಾಗುತ್ತದೆ. ಸಿಡಿ ರಾಮ್‌ನ ಒಂದು ಸೆಕ್ಟರಿನಲ್ಲಿ, ಅಂದರೆ ಡ್ರೈವ್ ಓದುವ ಒಂದು ತುಂಡಿನಲ್ಲಿ, 2048 ಬೈಟ್ ಮಾಹಿತಿ ಇರುತ್ತದೆ. ಭಾಗಿಸಿದರೆ ಸೆಕೆಂಡಿಗೆ 53.83 ಸೆಕ್ಟರ್. ಒಂದು ಸೆಕ್ಟರ್ ಹಾಳಾದರೆ ಹೋಗುವುದು ಸುಮಾರು 18.6 ಮಿಲಿಸೆಕೆಂಡ್ ಧ್ವನಿ, ಚಿತ್ರದ ಅರ್ಧ ಫ್ರೇಮಿಗಿಂತಲೂ ಕಡಿಮೆ. 650 ಎಂಬಿ ಡಿಸ್ಕಿನಲ್ಲಿ ನೂರು ನಿಮಿಷದ ಆಸುಪಾಸಿನ ಧ್ವನಿ ಹಿಡಿಯುತ್ತದೆ. ನಮ್ಮ ಎರಡೂವರೆ ತಾಸಿನ ಚಿತ್ರಗಳಿಗೆ ಎರಡು ಡಿಸ್ಕ್ ಬೇಕಾಗುತ್ತಿದ್ದುದು ಇದಕ್ಕೇ.

ಡಿಡಿರೆಸ್ಕ್ಯೂಗೆ ಕೈಹಾಕುವ ಮುನ್ನ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪ್ರತಿ ರೀಲಿಗೂ ಎಯುಡಿ ಎಂಬ ಬಾಲವಿರುವ ಕಡತ ಕಾಣುತ್ತದೆ. ಇಪ್ಪತ್ತು ನಿಮಿಷದ ರೀಲಿಗೆ ಸುಮಾರು 13.2 ಕೋಟಿ ಬೈಟ್ ಇರಬೇಕು. (1024ರ ಲೆಕ್ಕದಲ್ಲಿ ತೋರಿಸುವ ಕಂಪ್ಯೂಟರಿನಲ್ಲಿ ಇದೇ 126 ಎಂಬಿ ಆಗಿ ಕಾಣುತ್ತದೆ, ಗಾಬರಿ ಬೇಡ.) ನಕಲು ಮಾಡಿದ ಡಿಸ್ಕಿನಲ್ಲಿ ಕಡತ ಮೊಟಕಾಗಿದ್ದರೆ ಈ ಒಂದು ನೋಟದಲ್ಲೇ ಸಿಕ್ಕಿಬೀಳುತ್ತದೆ.

ಡಿಡಿರೆಸ್ಕ್ಯೂಗೆ ವಿಂಡೋಸ್‌ನಲ್ಲಿ ನೇರ ರೂಪವಿಲ್ಲ. ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡುವುದೇ ಸಲೀಸು. ಮೊದಲ ಕೆಲಸ ಡ್ರೈವಿನ ವೇಗಕ್ಕೆ ಮೂಗುದಾರ ಹಾಕುವುದು: ಇಜೆಕ್ಟ್ ಆದೇಶದ ಸಣ್ಣ ‘ಎಕ್ಸ್’ ಆಯ್ಕೆಗೆ 4 ಎಂದು ಕೊಟ್ಟರೆ ಡ್ರೈವ್ ನಾಲ್ಕುಪಟ್ಟಿನಲ್ಲಿ ನಿಲ್ಲುತ್ತದೆ. ಇದನ್ನು ಬಿಟ್ಟವರೇ ಹೆಚ್ಚು. 48 ಪಟ್ಟು ವೇಗದಲ್ಲಿ ತಿರುಗಿಸಿ, ತುಸು ಬಾಗಿದ ಡಿಸ್ಕಿನಲ್ಲಿ ದೋಷ ಬಂತೆಂದು ಎಸೆಯುತ್ತಾರೆ. ಒಂದುಪಟ್ಟು ವೇಗವೆಂದರೆ ಸೆಕೆಂಡಿಗೆ 75 ಸೆಕ್ಟರ್, ಧ್ವನಿಗೆ ಬೇಕಾಗಿರುವುದು 54 ಮಾತ್ರ. ಅಂದರೆ ಅತಿ ನಿಧಾನದ ಡ್ರೈವೂ ಈ ಡಿಸ್ಕನ್ನು ಆರಾಮವಾಗಿ ನುಡಿಸಬಲ್ಲದು.

ಆಮೇಲೆ ಡಿಡಿರೆಸ್ಕ್ಯೂವನ್ನು ಎರಡು ಸುತ್ತು ಓಡಿಸಿ. ಮೊದಲ ಸುತ್ತಿನಲ್ಲಿ ‘ಬಿ’ ಆಯ್ಕೆಗೆ 2048, ಜೊತೆಗೆ ‘ಎನ್’. ಕೆಟ್ಟ ಜಾಗ ಕಂಡರೆ ಅಲ್ಲೇ ಗುದ್ದಾಡದೆ ಮುಂದೆ ಹಾರಿ, ಓದಲು ಬರುವುದನ್ನೆಲ್ಲ ಇದು ಮೊದಲು ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ‘ಎನ್’ ತೆಗೆದು ‘ಡಿ’ ಮತ್ತು ‘ಆರ್’ ಹಾಕಿ ‘ಆರ್’ಗೆ 1 ಕೊಡಿ, ಕೆಟ್ಟ ಜಾಗವನ್ನು ಇನ್ನೊಮ್ಮೆ ಓದಲು ಯತ್ನಿಸುತ್ತದೆ. ‘ಡಿ’ ಇಲ್ಲದಿದ್ದರೆ ಓದು ಲಿನಕ್ಸಿನ ಕ್ಯಾಶ್ (ತಾತ್ಕಾಲಿಕ ಸ್ಮೃತಿ) ಮೂಲಕ ದೊಡ್ಡ ತುಂಡುಗಳಲ್ಲಿ ನಡೆದು, ಕೆಟ್ಟ ಸೆಕ್ಟರಿನ ನೆರೆಹೊರೆಯವೂ ಕೆಟ್ಟವೆಂದು ದಾಖಲಾಗುತ್ತವೆ. ಎಲ್ಲಿ ಓದಿತು, ಎಲ್ಲಿ ಕೆಟ್ಟಿದೆ ಎಂದು ಬರೆದಿಡುವ ಮ್ಯಾಪ್ ಕಡತ ಎರಡೂ ಸುತ್ತಿಗೆ ಒಂದೇ ಇರಲಿ, ಹೆಸರು ತಪ್ಪಿದರೆ ಕೆಲಸ ಮೊದಲಿನಿಂದ ಶುರು.

ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಆ ಮ್ಯಾಪ್ ಕಡತದಲ್ಲೇ. ಅದರಲ್ಲಿ ಡಿಸ್ಕಿನ ಸ್ಥಾನ, ಉದ್ದ, ಸ್ಥಿತಿ ಸಾಲುಸಾಲಾಗಿ ಬರೆದಿರುತ್ತದೆ. ಕೂಡು ಚಿಹ್ನೆಯೆಂದರೆ ಓದಿದ್ದು, ಅಡ್ಡಗೆರೆಯೆಂದರೆ ಕೆಟ್ಟಿದ್ದು. ಸ್ಥಾನ ಹದಿನಾರರ ಲೆಕ್ಕದಲ್ಲಿರುವುದರಿಂದ ಮೊದಲು ದಶಮಾಂಶಕ್ಕೆ ತಿರುಗಿಸಿ, 2048ರಿಂದ ಭಾಗಿಸಿ. ಐಸೊಇನ್ಫೊ ಆದೇಶ ಪ್ರತಿ ಕಡತ ಯಾವ ಸೆಕ್ಟರಿನಿಂದ ಶುರುವಾಗುತ್ತದೆಂದು ಹೇಳುತ್ತದೆ, ಅದನ್ನು ಕಳೆದು 53.83ರಿಂದ ಭಾಗಿಸಿ. ಉದಾಹರಣೆಗೆ ಎರಡನೇ ರೀಲಿನ ಕಡತ 66,000ನೇ ಸೆಕ್ಟರಿನಲ್ಲಿ ಶುರುವಾಗಿ 98,300ನೇ ಸೆಕ್ಟರ್ ಕೆಟ್ಟಿದ್ದರೆ, ಅಂತರ 32,300. ಅಂದರೆ ಆ ರೀಲಿನ ಹತ್ತನೇ ನಿಮಿಷ ಮುಗಿಯುವ ಹೊತ್ತು. ಆ ಜಾಗದಲ್ಲಿ ಒಂಟಿ ಸೆಕ್ಟರ್ ಹೋಗಿದ್ದರೆ ಒಂದು ಚಟ್ ಸದ್ದು. ನೂರಾರು ಸಾಲಾಗಿ ಹೋಗಿದ್ದರೆ ಪ್ರದರ್ಶನಕ್ಕೆ ಆ ಡಿಸ್ಕ್ ಬೇಡ. ಬೇರೆ ಪರೀಕ್ಷಾ ತಂತ್ರಾಂಶಗಳು ತೋರಿಸುವ ಹಸಿರು, ಹಳದಿ, ಕೆಂಪು ಚೌಕಗಳಿಂದ ಇಷ್ಟು ನಿಖರವಾದ ಉತ್ತರ ಸಿಗುವುದಿಲ್ಲ.

ಕೆಟ್ಟ ಸೆಕ್ಟರ್ ಸೊನ್ನೆ ಎಂದಾಕ್ಷಣ ಸಂಭ್ರಮಿಸಬೇಡಿ. ಡ್ರೈವ್ ಒಂದೇ ಜಾಗವನ್ನು ಹತ್ತಾರು ಸಲ ಓದಿ ಕೊನೆಗೂ ಗೆದ್ದಿದ್ದರೆ ಮ್ಯಾಪಿನಲ್ಲಿ ಅದು ಸರಿಯೆಂದೇ ಬರುತ್ತದೆ. ಚಿತ್ರ ಓಡುವಾಗ ಪ್ಲೇಯರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಇದಕ್ಕೆಂದೇ ‘ಲಾಗ್ ರೇಟ್ಸ್’ ಆಯ್ಕೆ ಇದೆ, ಓದಿನ ವೇಗವನ್ನು ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ನಾಲ್ಕುಪಟ್ಟಿಗೆ ಕಟ್ಟಿದ ಡ್ರೈವಿನಲ್ಲಿ ಸೆಕೆಂಡಿಗೆ 600 ಕಿಲೋಬೈಟ್ ಆಸುಪಾಸು ಬರಬೇಕು. ಎಲ್ಲಾದರೂ 110 ಕಿಲೋಬೈಟಿಗಿಂತ ಕೆಳಗೆ ಬಿದ್ದರೆ ಅಲ್ಲಿ ಧ್ವನಿ ಖರ್ಚಾಗುವ ವೇಗಕ್ಕಿಂತ ಓದು ಹಿಂದೆ ಬಿದ್ದಿದೆ. ಪಾಸು ಫೇಲು ನಿರ್ಧರಿಸಲು ನಂಬಬೇಕಾದ ಗೆರೆ ಇದು.

ಸಿಡಿಯ ಒಳಪದರದ ಸಿ1 (ತಿದ್ದುವ ಮೊದಲ ಹಂತದಲ್ಲಿ ಸಿಗುವ), ಸಿ2 (ಆ ಹಂತ ದಾಟಿ ಉಳಿದ) ದೋಷಗಳ ಎಣಿಕೆ ಡಿಡಿರೆಸ್ಕ್ಯೂಗೆ ಬಾರದು. ಅದಕ್ಕೆ ಕ್ಯೂಪಿಎಕ್ಸ್‌ಟೂಲ್ ಎಂಬ ತಂತ್ರಾಂಶ ಮತ್ತು ಅದು ಒಪ್ಪುವ ಹಳೆಯ ಪ್ಲೆಕ್ಸ್‌ಟರ್ ಅಥವಾ ಲೈಟಾನ್ ಡ್ರೈವ್ ಬೇಕು. ಅಪರೂಪದ ಡಿಸ್ಕಾದರೆ ಆ ಶ್ರಮವೂ ಸಾರ್ಥಕ. ಸಿ2 ಸೊನ್ನೆಯಿದ್ದು ಸಿ1 ಸರಾಸರಿ ಸೆಕೆಂಡಿಗೆ 220ರೊಳಗಿದ್ದರೆ ಡಿಸ್ಕ್ ಸಿಡಿ ಮಾನದಂಡದೊಳಗಿದೆ.

ಕೆಟ್ಟ ಸೆಕ್ಟರುಗಳು ಹೊರ ಅಂಚಿನಲ್ಲೇ ಗುಂಪುಗೂಡಿದ್ದರೆ ಕಾರಣ ಸಾಮಾನ್ಯವಾಗಿ ಬೆರಳು. ಸಿಡಿ ಒಳಗಿನಿಂದ ಹೊರಗೆ ತುಂಬುತ್ತದೆ, ಭರ್ತಿ ಡಿಸ್ಕಿನ ಕೊನೆಯ ರೀಲು ಅಂಚಿನಲ್ಲೇ ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಮತ್ತೆ ಓದಿಸಿ. ದುಂಡಗೆ ಉಜ್ಜಬಾರದು, ಟ್ರ್ಯಾಕಿನ ಗುಂಟ ಬಿದ್ದ ಗೀರನ್ನು ದೋಷ ತಿದ್ದುವ ವ್ಯವಸ್ಥೆಗೆ ಸರಿಪಡಿಸಲಾಗದು. ಅಸಿಟೋನ್ ಮುಟ್ಟಲೇಬೇಡಿ, ಪಾಲಿಕಾರ್ಬೊನೇಟ್ ಮಂಜಾಗುತ್ತದೆ. ಲೇಬಲ್ ಕಡೆಯಿಂದ ಗೀರು ಬಿದ್ದು, ಬೆಳಕಿಗೆ ಹಿಡಿದಾಗ ಸೂಜಿತೂತು ಕಂಡರೆ ಅಲ್ಲಿ ಲೋಹದ ಪದರವೇ ಹೋಗಿದೆ, ಯಾವ ಪಾಲಿಶಿಗೂ ಅದು ಮರಳದು. ಮನೆಯಲ್ಲಿ ಬರ್ನ್ ಮಾಡಿದ ಸಿಡಿಯಲ್ಲಿ ಕೊನೆಯ ಎರಡು ಸೆಕ್ಟರ್ ಮಾತ್ರ ಕೆಟ್ಟಿವೆ ಎಂದು ಬಂದರೆ ಅದು ಬರೆದ ವಿಧಾನದ ಬಾಲ. ಧ್ವನಿಗೆ ಸಂಬಂಧವಿಲ್ಲ, ಬಿಟ್ಟುಬಿಡಿ.

ಎತ್ತಿಕೊಂಡ ಕಡತವನ್ನು ಕೇಳಿ ನೋಡಬೇಕೆನ್ನುವವರಿಗೆ ಎರಡು ಎಚ್ಚರಿಕೆ. ಮನೆಯ ರಿಸೀವರಿನ ಮೇಲಿರುವ ಡಿಟಿಎಸ್ ಬೇರೆಯೇ ಸಂಕೇತ, ಅದಕ್ಕೆ ಈ ಕಡತ ಅರ್ಥವಾಗದು. ಆಪ್ಟ್‌ಎಕ್ಸ್100 ಬಿಡಿಸಬಲ್ಲ ಡಿಕೋಡರೇ ಬೇಕು. ಹಾಗೆ ಬಿಡಿಸಿದಾಗ ಸಬ್‌ವೂಫರಿಗೆ ಪ್ರತ್ಯೇಕ ಟ್ರ್ಯಾಕ್ ಕಾಣದೆ ಸರೌಂಡಿನಲ್ಲಿ ಗುಡುಗು ತುಂಬಿದ್ದರೆ ಡಿಸ್ಕ್ ಕೆಟ್ಟಿಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸರೌಂಡ್ ಟ್ರ್ಯಾಕುಗಳಲ್ಲೇ ಸೇರಿಸಿಟ್ಟು, ನುಡಿಸುವಾಗ ಪ್ಲೇಯರೇ ಬೇರ್ಪಡಿಸುವುದು ಇದರ ಪದ್ಧತಿ.

ಮೇಜಿನ ಪರೀಕ್ಷೆಗೆ ಸಿಗದ ಸಂಗತಿಗಳೂ ಇವೆ. ಟೈಮ್‌ಕೋಡಿನಲ್ಲಿ ರೀಲಿನ ಸಂಖ್ಯೆಯ ಜೊತೆ ಚಿತ್ರದ ಗುರುತಿನ ಸಂಖ್ಯೆಯೂ ಇರುತ್ತದೆ. ಅದು ಡಿಸ್ಕಿಗೆ ಹೊಂದದಿದ್ದರೆ ಎಷ್ಟೇ ಶುದ್ಧ ಡಿಸ್ಕೂ ಮೂಕ. ಟೈಮ್‌ಕೋಡ್ ಓದುವ ರೀಡರಿನ ಎಲ್‌ಇಡಿ ಮಂಕಾಗಿರುವುದು, ರೀಡರಿಗೂ ಚಿತ್ರಕ್ಕೆ ಬೆಳಕು ಬೀಳುವ ಗೇಟಿಗೂ ನಡುವಿನ ಫ್ರೇಮುಗಳ ಅಂತರ ತಪ್ಪಾಗಿ ಹೊಂದಿಸಿರುವುದು, ಪ್ಲೇಯರಿನೊಳಗಿನ ಹಳೆಯ ಡ್ರೈವಿನ ಲೇಸರ್ ಸವೆದಿರುವುದು, ಇವು ಯಾವುವೂ ಇಲ್ಲಿ ಕಾಣುವುದಿಲ್ಲ. ಮೇಜಿನ ಮೇಲೆ ಗೆದ್ದ ಡಿಸ್ಕ್ ಬೂತಿನಲ್ಲಿ ಸೋತರೆ ಡಿಸ್ಕನ್ನು ಬಯ್ಯದೆ ಆ ಡ್ರೈವ್ ಬದಲಿಸಿ ನೋಡಿ.

ಒಂದೇ ಚಿತ್ರದ, ಒಂದೇ ಭಾಷೆಯ, ಒಂದೇ ಗುರುತಿನ ಸಂಖ್ಯೆಯ ಎರಡು ಡಿಸ್ಕ್ ಸಿಕ್ಕಿ ಎರಡೂ ಅಲ್ಲಲ್ಲಿ ಕೆಟ್ಟಿದ್ದರೆ ಡಿಡಿರೆಸ್ಕ್ಯೂ ಬೇರೆಲ್ಲವನ್ನೂ ಹಿಂದೆ ಹಾಕುತ್ತದೆ. ಮೊದಲನೆಯದನ್ನು ಓದಿಸಿ, ಎರಡನೆಯದನ್ನು ಹಾಕಿ, ಅದೇ ಇಮೇಜು (ಎತ್ತಿಕೊಂಡ ಡಿಸ್ಕಿನ ಪ್ರತಿ) ಅದೇ ಮ್ಯಾಪು ಕೊಟ್ಟು ಮತ್ತೆ ಓಡಿಸಿ. ಖಾಲಿ ಉಳಿದ ಸೆಕ್ಟರುಗಳನ್ನಷ್ಟೇ ಎರಡನೆಯದರಿಂದ ತುಂಬಿಕೊಳ್ಳುತ್ತದೆ. ಎರಡರ ಕಡತಗಳ ಗಾತ್ರವೂ ಆರಂಭದ ಸೆಕ್ಟರೂ ಒಂದೇ ಇವೆಯೇ ಎಂದು ಐಸೊಇನ್ಫೊದಲ್ಲಿ ಮೊದಲು ಹೋಲಿಸಿಕೊಳ್ಳಿ. ಒಂದು ಸೆಕ್ಟರ್ ವ್ಯತ್ಯಾಸವಿದ್ದರೂ ಈ ಜೋಡಣೆ ಬೇಡ.