ಒಂದೇ ಅಂಗಡಿಯ ಎರಡು ಶಟರ್: ಒಂದು ತುಮಕೂರಲ್ಲಿ, ಒಂದು ಕಾಪುವಿನಲ್ಲಿ

2019ರಲ್ಲಿ ಎರಡು ರೋಲಿಂಗ್ ಶಟರ್ ಮಾಡಿಸಿದೆವು. ಒಂದು ತುಮಕೂರಿನ ನಮ್ಮ ಮನೆಯ ಕಾರ್ ಶೆಡ್ಡಿಗೆ, ಇನ್ನೊಂದು ಕಾಪುವಿನಲ್ಲಿರುವ ಮಾವನ ಮನೆಗೆ. ಎರಡನ್ನೂ ಮಾಡಿದ್ದು ನಮ್ಮೂರಿನ ಒಂದೇ ಫ್ಯಾಬ್ರಿಕೇಶನ್ ಅಂಗಡಿ. ಹತ್ತಡಿ ಅಗಲ, ಎಂಟಡಿ ಎತ್ತರ, 20 ಗೇಜಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪಟ್ಟಿ, ಮೇಲಿನ ಪೈಪಿನಲ್ಲಿ ಸ್ಪ್ರಿಂಗ್, ನಡುವೆ ಮೋಟರ್, ಕೈಗೊಂದು ರಿಮೋಟ್. ಒಂದೊಂದಕ್ಕೆ 42,000 ರೂಪಾಯಿ ಬಿತ್ತು. ಕಾಪುವಿನದಕ್ಕೆ ಶಿರಾಡಿ ಘಾಟ್ ಇಳಿಸಿದ ಲಾರಿ ಬಾಡಿಗೆ ಬೇರೆ.

ಆರು ವರ್ಷ ದಾಟಿದೆ. ಮಾಲು ಒಂದೇ, ಮಾಡಿದ ಕೈ ಒಂದೇ, ಬಣ್ಣವೂ ಒಂದೇ. ಬೇರೆ ಇರುವುದು ಊರಿನ ಗಾಳಿ ಮಾತ್ರ. ಸಮುದ್ರದ ಹತ್ತಿರ ಮನೆ ಇರುವವರು ಶಟರ್ ರಿಪೇರಿಗೆ ಎಷ್ಟು ದುಡ್ಡು ತೆಗೆದಿಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಬಿಲ್ಲುಗಳೇ ಇವೆ.

ತುಮಕೂರಿನದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಇಲ್ಲಿ ಶಟರಿಗೆ ಕಾಟ ಕೊಡುವುದು ಧೂಳು. ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆ ಅಗೆದಾಗ ಗೈಡ್ ಚಾನೆಲ್ (ಶಟರ್ ಜಾರುವ ಪಕ್ಕದ ಕಾಲುವೆ) ಒಳಗೆ ಮಣ್ಣು ಕೂತು ಕಿರ್ ಅಂತಿತ್ತು, ಬ್ರಷ್ ಹಾಕಿ ತೆಗೆದೆವು. ರಿಮೋಟ್ ಸೆಲ್ಲು, ಒಂದು ಕೆಪಾಸಿಟರ್, ಒಮ್ಮೆ ಶಟರನ್ನು ಮೇಲೆ ಕೆಳಗೆ ಸರಿಯಾದ ಜಾಗದಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್ ಸರಿ ಮಾಡಿಸಿದ್ದು, ಎಲ್ಲ ಸೇರಿ 3,200 ರೂಪಾಯಿ. ಅಂಗಡಿಯವರ ಕೆಲಸ ಚೆನ್ನಾಗಿದೆ ಅಂತ ಇಲ್ಲಿ ಯಾರು ಕೇಳಿದರೂ ಹೇಳುತ್ತೇನೆ.

ಕಾಪುವಿನದು ಬೇರೆ ಕಥೆ. ತಾರಸಿಗೆ ಹೋದರೆ ಲೈಟ್‌ಹೌಸ್ ಕಾಣುತ್ತದೆ, ಅಷ್ಟು ಹತ್ತಿರ ಸಮುದ್ರ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಅದರ ಐದರಲ್ಲಿ ಒಂದು ಭಾಗವೂ ಇಲ್ಲ. ಆದರೆ ಶಟರನ್ನು ತಿಂದದ್ದು ಮಳೆ ಅಲ್ಲ ಅಂತ ಗೊತ್ತಾಗಿದ್ದು ಶಟರ್ ಸುತ್ತಿಕೊಳ್ಳುವ ಮೇಲಿನ ಬಾಕ್ಸ್ ಬಿಚ್ಚಿಸಿದ ದಿನ.

ಹೊರಗಿನಿಂದ ನೋಡಿದರೆ ಶಟರ್ ಹೊಸದರ ಹಾಗೇ ಇತ್ತು. ಉಡುಪಿಯಿಂದ ಬಂದ ಫಿಟ್ಟರ್ ಬಾಕ್ಸಿನ ತಗಡು ಸರಿಸಿ ಟಾರ್ಚ್ ಹಾಕಿದರು. ಸುತ್ತಿಕೊಂಡ ಪಟ್ಟಿಗಳ ಮೇಲೆ ಬಿಳಿ ಪುಡಿ. ಪಟ್ಟಿಗೆ ಪಟ್ಟಿ ಸಿಕ್ಕಿಕೊಳ್ಳುವ ಮಡಿಕೆಯ ಉದ್ದಕ್ಕೂ ಕೆಂಪು ಗೆರೆ. ಬ್ರಾಕೆಟ್ಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಲೆ ತಿರುಗಲಿಲ್ಲ, ಚಕ್ಕೆ ಚಕ್ಕೆಯಾಗಿ ಅವರ ಅಂಗೈಗೆ ಬಿತ್ತು. "ಇದು ಘಟ್ಟದ ಮೇಲಿನ ಶಟರ್ ಮಾರಾಯ್ರೆ, ಇಲ್ಲಿಯ ಗಾಳಿಗೆ ಆಗುದಿಲ್ಲ" ಅಂದರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಉಪ್ಪುಗಾಳಿ ಎಲ್ಲ ಕಡೆ ಕೂರುತ್ತದೆ. ಹೊರಮೈಗೆ ಕೂತ ಉಪ್ಪನ್ನು ಮಳೆ ತೊಳೆದುಬಿಡುತ್ತದೆ. ಬಾಕ್ಸಿನ ಒಳಗೆ ಮಳೆ ಬೀಳುವುದಿಲ್ಲ, ಅಲ್ಲಿ ಕೂತದ್ದು ಕೂತೇ ಇರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಸುಮ್ನೆ ನೀರು ಹೀರಿ ಒದ್ದೆಯಾಗುತ್ತದೆ. ಕರಾವಳಿಯಲ್ಲಿ ತೇವ ಅದಕ್ಕಿಂತ ಜಾಸ್ತಿ ಇರುವ ದಿನಗಳೇ ಹೆಚ್ಚು. ಅಂದರೆ ಬಾಕ್ಸಿನ ಒಳಗಿನ ಕಬ್ಬಿಣ ವರ್ಷದ ಬಹುಪಾಲು ಉಪ್ಪುನೀರು ಮೆತ್ತಿಕೊಂಡೇ ಕೂತಿರುತ್ತದೆ. ಬಿಳಿ ಪುಡಿ ಅಂದರೆ ಸತು ಸವೆಯುತ್ತಿದೆ ಅಂತ. ಕೆಂಪು ಕಂಡರೆ ಸತು ಮುಗಿದು ಕಬ್ಬಿಣಕ್ಕೆ ಬಂದಿದೆ ಅಂತ.

ಮೊದಲ ತುಕ್ಕು ಬಂದದ್ದು ವೆಲ್ಡಿಂಗ್ ಆದ ಕಡೆ. ಬೆಂಕಿ ತಾಗಿದಲ್ಲಿ ಸತು ಸುಟ್ಟುಹೋಗುತ್ತದೆ. ಅಲ್ಲಿಗೆ ಝಿಂಕ್ ಪ್ರೈಮರ್ ಹಚ್ಚಬೇಕು. ಅಂಗಡಿಯವರು ಬೆಳ್ಳಿ ಬಣ್ಣ ಹೊಡೆದು ಕಳಿಸಿದ್ದರು. ತುಮಕೂರಿನದಕ್ಕೂ ಅದೇ ಬಣ್ಣ, ಇಲ್ಲಿ ಇವತ್ತಿಗೂ ಏನೂ ಆಗಿಲ್ಲ. ಅವರನ್ನು ಪೂರ್ತಿ ಬೈಯೋಕೂ ಆಗಲ್ಲ, ಸಮುದ್ರದ ಕೆಲಸ ಅವರಿಗೆ ರೂಢಿಯಿಲ್ಲ. ಆದರೆ ಲಾರಿಗೆ ಹಾಕುವಾಗ ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸ್ಪ್ರಿಂಗ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಬಜೆಟ್ ತಪ್ಪುವುದು ಇಲ್ಲೇ. ಗ್ಯಾರೇಜ್ ಬಾಗಿಲಿನ ಸ್ಪ್ರಿಂಗಿಗೆ ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವಷ್ಟು ಆಯುಸ್ಸು ಅಂತ ಲೆಕ್ಕ ಹಾಕುತ್ತಾರೆ. ದಿನಕ್ಕೆ ನಾಲ್ಕು ಸಲ ಆದರೆ ಏಳು ವರ್ಷದ ಹತ್ತಿರ ಬರುತ್ತದೆ. ಮಾವ ದಿನಕ್ಕೆ ಎರಡು ಸಲ ತೆರೆದರೆ ಜಾಸ್ತಿ, ಆ ಲೆಕ್ಕದಲ್ಲಿ ಹದಿಮೂರು ವರ್ಷ ಬರಬೇಕಿತ್ತು. ನಾಲ್ಕನೇ ಮಳೆಗಾಲಕ್ಕೇ ಮುರಿಯಿತು. ತುಕ್ಕು ಕೊರೆದ ಸಣ್ಣ ಗುಳಿಯಿಂದ ಬಿರುಕು ಶುರುವಾದರೆ ಎಷ್ಟು ಸಲ ತೆರೆದಿರಿ ಅನ್ನುವ ಲೆಕ್ಕಕ್ಕೆ ಬೆಲೆ ಇಲ್ಲ. ಮುರಿದಾಗ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ, ಅತ್ತೆ ಟ್ರಾನ್ಸ್‌ಫಾರ್ಮರ್ ಹೋಯಿತು ಅಂದುಕೊಂಡಿದ್ದರು. ಶಟರ್ ಅರ್ಧಕ್ಕೆ ನಿಂತಿತು, ಕಾರು ಒಳಗೇ ಉಳಿಯಿತು.

ಸ್ಪ್ರಿಂಗ್ ಹೇಗಿದೆ ಅಂತ ಮೊದಲೇ ತಿಳಿಯೋಕೆ ಒಂದು ದಾರಿ ಇದೆ. ಕ್ಲಚ್ (ಮೋಟರಿನ ಹಿಡಿತ) ಬಿಡಿಸಿ ಕೈಯಲ್ಲಿ ಶಟರನ್ನು ಸೊಂಟದ ಎತ್ತರಕ್ಕೆ ತಂದು ಮೆಲ್ಲಗೆ ಕೈ ಸಡಿಲಿಸಿ. ನಿಂತರೆ ಸರಿ. ಜಾರಿದರೆ ಸ್ಪ್ರಿಂಗ್ ಸೋತಿದೆ, ಫಿಟ್ಟರನ್ನು ಕರೆಸಿ. ಕಾಲು ಕೆಳಗಿಡಬೇಡಿ. ಸ್ಪ್ರಿಂಗನ್ನು ಮಾತ್ರ ನೀವೇ ಬಿಚ್ಚೋಕೆ ಹೋಗಬೇಡಿ, ಒಳಗೆ ಬಿಗಿದಿಟ್ಟ ಬಲ ಕೈ ಮುರಿಯುವಷ್ಟಿರುತ್ತದೆ.

ಇನ್ನು ಕಾಪುವಿನ ಖರ್ಚು. ಬಾಟಮ್ ಪಟ್ಟಿ ಮತ್ತು ಗೈಡ್ ಚಾನೆಲ್‌ನ ಕೆಳಭಾಗ ಬದಲಿಸಿದ್ದು 6,500. ಸ್ಪ್ರಿಂಗ್, ಕೂಲಿ ಸೇರಿ 7,800. ಮೋಟರಿನ ಕಂಟ್ರೋಲ್ ಬೋರ್ಡ್ 5,200. ಸ್ಟೀಲ್ ಬೋಲ್ಟ್, ಝಿಂಕ್ ಪ್ರೈಮರ್ 2,500. ಫಿಟ್ಟರ್ ಬಂದುಹೋದ ಚಾರ್ಜು, ಚಿಲ್ಲರೆ ಕೆಲಸ 4,000. ಒಟ್ಟು 26,000. ವರ್ಷಕ್ಕೆ ಹಂಚಿದರೆ ಶಟರ್ ಬೆಲೆಯ ನೂರಕ್ಕೆ ಹತ್ತು ಪಾಲು. ತುಮಕೂರಿನದು ನೂರಕ್ಕೆ ಒಂದೂವರೆಯೂ ಇಲ್ಲ.

ಆದರೆ ಖರ್ಚು ಹೀಗೆ ಹಂಚಿಕೊಂಡು ಬರುವುದಿಲ್ಲ ಅಲ್ವಾ. ಮೊದಲ ಎರಡು ವರ್ಷ ಹೆಚ್ಚುಕಮ್ಮಿ ಸೊನ್ನೆ. ಆಮೇಲೆ ಒಂದರ ಹಿಂದೆ ಒಂದು. ಅದಕ್ಕೆ ಈಗ ಮಾವನ ಹೆಸರಲ್ಲಿ ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 350 ರೂಪಾಯಿ ಆರ್.ಡಿ. ಕಟ್ಟುತ್ತಿದ್ದೇವೆ. ಐದು ವರ್ಷಕ್ಕೆ ಕಟ್ಟಿದ್ದೇ 21,000 ಆಗುತ್ತದೆ, ಬಡ್ಡಿ ಬೇರೆ.

ಅಂಗಡಿಯವರು ವಾರ್ಷಿಕ ನಿರ್ವಹಣೆ ಗುತ್ತಿಗೆ ಕೊಡ್ತೀವಿ ಅಂದರು. 3,500, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 4,130. ವರ್ಷಕ್ಕೆ ಎರಡು ಭೇಟಿ, ಬಿಡಿಭಾಗಕ್ಕೆ ಬೇರೆ ದುಡ್ಡು, ತುಮಕೂರಿನಿಂದ ಬರುವ ಖರ್ಚೂ ನಮ್ಮದೇ. ಬೇಡ ಅಂದೆ. ಉಡುಪಿಯ ಫಿಟ್ಟರ್ ಒಮ್ಮೆ ಬಂದರೆ 500 ತೆಗೆದುಕೊಳ್ಳುತ್ತಾರೆ, ಅಲ್ಲಿಯ ಗಾಳಿಯ ಗುಣವೂ ಗೊತ್ತು. ಮನೆ ವಿಮೆಯನ್ನೂ ನೆಚ್ಚಿಕೊಳ್ಳಬೇಡಿ. ಬಿರುಗಾಳಿಗೆ ಶಟರ್ ಹಾರಿಹೋದರೆ ಕ್ಲೇಮ್ ಮಾಡಬಹುದು, ತುಕ್ಕಿಗೆ ಕೊಡುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಕೆಲಸ ಒಂದು ಬಕೆಟ್ ಸಿಹಿನೀರು. ಮೇ ಕೊನೆಗೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲೊಮ್ಮೆ ಫಿಟ್ಟರ್ ಬಂದು ಮೇನ್ ಸ್ವಿಚ್ ಆಫ್ ಮಾಡಿ, ಮೋಟರಿಗೆ ಪ್ಲಾಸ್ಟಿಕ್ ಸುತ್ತಿ, ಬಾಕ್ಸ್ ಬಿಚ್ಚಿ ಒಳಗೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಪಟ್ಟಿಗಳ ಒಳಮೈಯನ್ನು ಮಾವ ತಿಂಗಳಿಗೊಮ್ಮೆ ತಾವೇ ತೊಳೆಯುತ್ತಾರೆ. ಗೈಡ್‌ಗೆ ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್ ಹಚ್ಚಿದರೆ ಮರಳು ಅಂಟಿಕೊಂಡು ಪಟ್ಟಿಯನ್ನೇ ಉಜ್ಜಿ ಸವೆಸುತ್ತದೆ. ಸುಟ್ಟ ಬೋರ್ಡ್ ಬದಲಿಸುವಾಗ ಅದನ್ನು ಶೆಡ್ಡಿನಿಂದ ಮನೆಯೊಳಗಿನ ಗೋಡೆಗೆ ತಂದೆವು, ಹೆಚ್ಚಿಗೆ ಆದದ್ದು ವೈರಿನ ದುಡ್ಡು ಅಷ್ಟೇ. ಆಮೇಲೆ ತೊಂದರೆ ಕೊಟ್ಟಿಲ್ಲ.

ಕರಾವಳಿಯಲ್ಲಿ ಹೊಸದಾಗಿ ಮಾಡಿಸುವವರು ಕೊಟೇಶನ್‌ನಲ್ಲಿ "ಹೆವಿ ಕ್ವಾಲಿಟಿ" ಅನ್ನುವ ಮಾತು ಒಪ್ಪಬೇಡಿ. ಸತುವಿನ ಲೇಪ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಬರೆಸಿ. 120 ಗ್ರಾಮಿನದೂ ಸಿಗುತ್ತದೆ, 275 ಗ್ರಾಮಿನದೂ ಸಿಗುತ್ತದೆ, ಕಣ್ಣಿಗೆ ಎರಡೂ ಒಂದೇ. ಬೋಲ್ಟುಗಳು 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ.

ನನ್ನ ಅಂಕ: ತುಮಕೂರಿನದಕ್ಕೆ ಐದಕ್ಕೆ ನಾಲ್ಕೂವರೆ, ಕಾಪುವಿನದಕ್ಕೆ ಎರಡು. ಅಲ್ಲಿಯ ಪಟ್ಟಿಗಳು ಇನ್ನೆರಡು ಮಳೆಗಾಲ ತಡೆಯಬಹುದು ಅಂತ ಫಿಟ್ಟರ್ ಹೇಳಿದ್ದಾರೆ. ಆಮೇಲೆ ಅಲ್ಯೂಮಿನಿಯಂ ಪಟ್ಟಿ ಹಾಕಿಸುವುದು ಅಂತಿದ್ದೇವೆ, ಉಡುಪಿಯಲ್ಲೇ. ಮೋಟರ್ ತೆಗೆದುಬಿಡೋಣ, ಅರ್ಧ ತಲೆನೋವು ಕಮ್ಮಿ ಅಂತ ನಾನು ಹೇಳಿ ನೋಡಿದೆ. ಮಾವನಿಗೆ ಎಪ್ಪತ್ತು ದಾಟಿದೆ, ರಿಮೋಟ್ ಬಿಡೋಕೆ ಅವರು ತಯಾರಿಲ್ಲ.